ಎರಕದ ಸಿಮ್ಯುಲೇಶನ್‌ಗೆ ಇಂಟೆಲ್, ಎಎಂಡಿ, ಆರ್ಮ್: ಯಾವ ಪ್ರೊಸೆಸರ್ ತಗೊಳ್ಳಲಿ?

ಪ್ರಶ್ನೆ: ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್ ಡಿಸೈನ್ ಮಾಡಿಕೊಡುವ ಸಣ್ಣ ಘಟಕ ನಮ್ಮದು. ಕ್ಯಾಡ್ ಜೊತೆಗೆ ಈಗ ಎರಕದ ಸಿಮ್ಯುಲೇಶನ್ ಕೂಡ ಶುರು ಮಾಡಿದ್ದೇವೆ. ಹೊಸ ವರ್ಕ್‌ಸ್ಟೇಷನ್ ಬೇಕು. ಒಬ್ಬ ಡೀಲರ್ ಇಂಟೆಲ್ ಝಿಯಾನ್ ಅನ್ನುತ್ತಾರೆ, ಇನ್ನೊಬ್ಬರು ಎಎಂಡಿ ಥ್ರೆಡ್‌ರಿಪ್ಪರ್ ಅನ್ನುತ್ತಾರೆ. ಮೂರನೆಯವರು "ಎಕ್ಸ್86 ಕಾಲ ಮುಗಿಯಿತು, ಆರ್ಮ್ ತಗೊಳ್ಳಿ" ಎಂದರು. ಎಂಜಿನಿಯರಿಂಗ್ ಓದುತ್ತಿರುವ ಮಗಳು ರಿಸ್ಕ್-ಫೈವ್ ಹೆಸರು ಹೇಳುತ್ತಾಳೆ. ನಮ್ಮಲ್ಲಿ ಹಳೆಯ ಸನ್ ಅಲ್ಟ್ರಾ ಮೆಷಿನ್ ಒಂದಿದೆ. ಆಗ ಲಕ್ಷಗಟ್ಟಲೆ ಕೊಟ್ಟು ತಂದಿದ್ದು, ಕೆಲವೇ ವರ್ಷಕ್ಕೆ ಮೂಲೆ ಸೇರಿತು. ಅಷ್ಟು ಒಳ್ಳೆಯ ಮೆಷಿನ್ ಯಾಕೆ ಹಾಗಾಯಿತು? ಮತ್ತೆ ಹಾಗಾಗದ ಹಾಗೆ ಏನು ತಗೊಳ್ಳಲಿ? ಅದರೊಳಗಿನ ಹಳೆಯ ಡ್ರಾಯಿಂಗ್ ಹೊರತೆಗೆಯಬಹುದಾ?

ಉತ್ತರ: ಮೊದಲು ಸಣ್ಣ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಕೆಲಸಕ್ಕೆ ಈಗ ಎಕ್ಸ್86 (ಇಂಟೆಲ್, ಎಎಂಡಿ ಚಿಪ್‌ಗಳ ಬಳಗ) ಮೆಷಿನ್ನೇ ತಗೊಳ್ಳಿ. ಇಂಟೆಲ್ಲೋ ಎಎಂಡಿಯೋ ಎಂಬುದು ದೊಡ್ಡ ಗೊಂದಲ ಅಲ್ಲ. ಎರಡೂ ಒಂದೇ ಇನ್‌ಸ್ಟ್ರಕ್ಷನ್ ಸೆಟ್ (ಚಿಪ್‌ಗೆ ಅರ್ಥವಾಗುವ ಆದೇಶಗಳ ಪಟ್ಟಿ) ಓಡಿಸುತ್ತವೆ, ಹಾಗಾಗಿ ಒಂದರಲ್ಲಿ ಓಡಿದ ಸಾಫ್ಟ್‌ವೇರ್ ಇನ್ನೊಂದರಲ್ಲೂ ಓಡುತ್ತದೆ. ಕೋರ್ ಎಣಿಸುವ ಮೊದಲು ಮೆಮೊರಿ ಚಾನೆಲ್ (ಮೆಮೊರಿಯಿಂದ ಚಿಪ್‌ಗೆ ಡೇಟಾ ಬರುವ ದಾರಿ) ಎಣಿಸಿ. ಆರ್ಮ್ ಚಿಪ್‌ಗಳು ನಿಜಕ್ಕೂ ಚೆನ್ನಾಗಿವೆ, ಡೀಲರ್ ಹೇಳಿದ್ದರಲ್ಲಿ ಹುರುಳಿದೆ. ಆದರೆ ನಿಮ್ಮ ಸಾಫ್ಟ್‌ವೇರ್ ಅಲ್ಲಿಗೆ ಬರುವವರೆಗೆ ಆ ಒಳ್ಳೆಯತನ ನಿಮಗೆ ದಕ್ಕುವುದಿಲ್ಲ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದಕ್ಕೆ ನಿಮ್ಮ ಸನ್ ಮೆಷಿನ್ನೇ ಸಾಕ್ಷಿ. ಅದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು.

ಪ್ರೊಸೆಸರ್ ಆರ್ಕಿಟೆಕ್ಚರ್ ಅಂದಾಗ ಎರಡು ವಿಷಯ ಬೆರೆತುಹೋಗುತ್ತವೆ. ಚಿಪ್ ಯಾವ ಆದೇಶಗಳನ್ನು ಅರ್ಥ ಮಾಡಿಕೊಳ್ಳುತ್ತದೆ ಅನ್ನುವುದು ಒಂದು. ಅದನ್ನು ಎಷ್ಟು ವೇಗವಾಗಿ ಮಾಡುತ್ತದೆ ಅನ್ನುವುದು ಇನ್ನೊಂದು. ಶಿವಮೊಗ್ಗ–ತಾಳಗುಪ್ಪ ಹಳಿ ಮೀಟರ್ ಗೇಜ್ ಇದ್ದ ಕಾಲ ನಿಮಗೆ ನೆನಪಿರಬಹುದು. ಬ್ರಾಡ್‌ಗೇಜ್ ಬೋಗಿ ಎಷ್ಟೇ ಚೆನ್ನಾಗಿರಲಿ, ಸಾಗರದ ಕಡೆ ಹೋಗುತ್ತಿರಲಿಲ್ಲ. ಇನ್‌ಸ್ಟ್ರಕ್ಷನ್ ಸೆಟ್ ಅಂದರೆ ಆ ಗೇಜ್. ಎಂಜಿನ್ ಜೋರಾಗಿದೆಯಾ ಅನ್ನುವುದು ಬೇರೆ ಪ್ರಶ್ನೆ, ನಿಮ್ಮ ಬೋಗಿ ಆ ಹಳಿ ಮೇಲೆ ಕೂರುತ್ತದಾ ಅನ್ನುವುದು ಬೇರೆ ಪ್ರಶ್ನೆ.

1980ರ ದಶಕದ ಮೊದಲ ಭಾಗದಲ್ಲಿ ವರ್ಕ್‌ಸ್ಟೇಷನ್ ಕಂಪನಿಗಳಿಗೆ ಈ ತಲೆನೋವು ಕಡಿಮೆ ಇತ್ತು. ಅಪೊಲೊ, ಸನ್ ಎಲ್ಲರೂ ಮೊಟೊರೋಲಾ 68000 ಬಳಗದ ಚಿಪ್ ಹಾಕುತ್ತಿದ್ದರು. ಆಮೇಲೆ ರಿಸ್ಕ್ ಎಂಬ ಹೊಸ ಬಗೆಯ ಡಿಸೈನ್ ಬಂತು. ಐಬಿಎಂನಲ್ಲಿ ಜಾನ್ ಕಾಕ್, ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಸ್ಟ್ಯಾನ್‌ಫೋರ್ಡ್‌ನಲ್ಲಿ ಜಾನ್ ಹೆನೆಸಿ ಹತ್ತಿರಹತ್ತಿರ ಒಂದೇ ದಾರಿ ಹಿಡಿದಿದ್ದರು. ಆದೇಶಗಳನ್ನು ಸರಳ ಮಾಡಿ, ಎಲ್ಲವನ್ನೂ ಒಂದೇ ಉದ್ದಕ್ಕೆ ತನ್ನಿ, ರಿಜಿಸ್ಟರ್ (ಚಿಪ್ ಒಳಗೆ ಸಂಖ್ಯೆ ಇಟ್ಟುಕೊಳ್ಳುವ ಜಾಗ) ಜಾಸ್ತಿ ಕೊಡಿ, ಆಗ ಚಿಪ್ ತಡವರಿಸದೆ ಓಡುತ್ತದೆ ಅನ್ನುವುದು ಅದರ ಸಾರ. ಎಕ್ಸ್86ರಲ್ಲಿ ಒಂದು ಆದೇಶ 1 ಬೈಟ್‌ನಿಂದ 15 ಬೈಟ್‌ವರೆಗೆ ಎಷ್ಟು ಬೇಕಾದರೂ ಇರಬಹುದು. ಆಗಿನ ರಿಸ್ಕ್‌ನಲ್ಲಿ ಪ್ರತಿಯೊಂದೂ 4 ಬೈಟ್. ಆಗಿನ ಎಕ್ಸ್86ರಲ್ಲಿ ಸಾಮಾನ್ಯ ರಿಜಿಸ್ಟರ್ ಬರೀ 8, ರಿಸ್ಕ್‌ನಲ್ಲಿ 32. ಲೆಕ್ಕ ಜಾಸ್ತಿ ಇರುವ ಕೆಲಸಕ್ಕೆ ಇದು ದೊಡ್ಡ ವ್ಯತ್ಯಾಸ.

ಅಲ್ಲಿಂದ ಪ್ರತಿ ಕಂಪನಿಯೂ ತನ್ನದೇ ಹಳಿ ಹಾಕಿತು. 1986ರಲ್ಲಿ ಎಚ್‌ಪಿಯ ಪಿಎ-ರಿಸ್ಕ್, 1987ರಲ್ಲಿ ಸನ್‌ನ ಸ್ಪಾರ್ಕ್, 1990ರಲ್ಲಿ ಐಬಿಎಂನ ಪವರ್, 1992ರಲ್ಲಿ ಡಿಜಿಟಲ್ ಕಂಪನಿಯ ಆಲ್ಫಾ. ಸಿಲಿಕಾನ್ ಗ್ರಾಫಿಕ್ಸ್ ಮಿಪ್ಸ್ ಚಿಪ್ ಬಳಸುತ್ತಿತ್ತು, 1992ರಲ್ಲಿ ಆ ಕಂಪನಿಯನ್ನೇ ಕೊಂಡಿತು. ಒಂದೊಂದಕ್ಕೂ ಬೇರೆ ಯುನಿಕ್ಸ್. ಯೂನಿಗ್ರಾಫಿಕ್ಸ್, ಪ್ರೊ-ಎಂಜಿನಿಯರ್ ತರಹದ ಕ್ಯಾಡ್ ಮಾಡುವವರು ಒಂದೇ ಸಾಫ್ಟ್‌ವೇರನ್ನು ಇಷ್ಟೂ ಮೆಷಿನ್‌ಗೆ ಬೇರೆಬೇರೆಯಾಗಿ ಕಂಪೈಲ್ ಮಾಡಿ (ಆ ಚಿಪ್‌ನ ಆದೇಶಗಳಿಗೆ ತಿರುಗಿಸಿ), ಬೇರೆಬೇರೆಯಾಗಿ ಪರೀಕ್ಷೆ ಮಾಡಿ ಕೊಡಬೇಕಿತ್ತು. ಆ ಖರ್ಚು ಕೊನೆಗೆ ಗಿರಾಕಿಯ ಬಿಲ್ಲಿಗೇ ಬರುತ್ತಿತ್ತು.

ಇವುಗಳಲ್ಲಿ ಆಲ್ಫಾ ಬಗ್ಗೆ ನನಗೆ ಇವತ್ತಿಗೂ ಬಹಳ ಗೌರವ. 1992ರಲ್ಲೇ ಪೂರ್ತಿ 64 ಬಿಟ್. 1995ರ ಹೊತ್ತಿಗೆ 300 ಮೆಗಾಹರ್ಟ್ಜ್ ಮುಟ್ಟಿತ್ತು, ಆಗ ಇಂಟೆಲ್‌ನ ಅತಿ ವೇಗದ ಚಿಪ್ 200ರಲ್ಲಿತ್ತು. ಸಿಮ್ಯುಲೇಶನ್ ಮಾಡುವವರ ಮಟ್ಟಿಗೆ ಅದರ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ ಲೆಕ್ಕ) ವೇಗಕ್ಕೆ ಸಾಟಿ ಕಡಿಮೆ. ಒಳ್ಳೆಯ ಡಿಸೈನ್ ಗೆಲ್ಲುವುದಾದರೆ ನಾವೆಲ್ಲ ಇವತ್ತು ಆಲ್ಫಾ ಮೇಲೆ ಕೆಲಸ ಮಾಡುತ್ತಿರಬೇಕಿತ್ತು.

ಹಾಗಾಗಲಿಲ್ಲ. 1995ರ ನವೆಂಬರ್ ತಿಂಗಳನ್ನು ನೋಡಿ. ಒಂದೇ ತಿಂಗಳಲ್ಲಿ ಎರಡು ವಸ್ತು ಹೊರಬಂದವು. ಒಂದು ಇಂಟೆಲ್‌ನ ಪೆಂಟಿಯಂ ಪ್ರೊ. ಅದು ಹೊರಗಡೆಯಿಂದ ಅದೇ ಹಳೆಯ ಎಕ್ಸ್86. ಒಳಗಡೆ ಮಾತ್ರ ಆ ಉದ್ದ-ಗಿಡ್ಡ ಆದೇಶಗಳನ್ನು ಮುರಿದು ಸಣ್ಣ ಸರಳ ತುಂಡುಗಳನ್ನಾಗಿ ಮಾಡಿಕೊಂಡು, ಯಾವುದು ಸಿದ್ಧವಿದೆಯೋ ಅದನ್ನು ಮೊದಲು ಓಡಿಸುತ್ತಿತ್ತು. ರಿಸ್ಕ್‌ನ ಲಾಭದಲ್ಲಿ ದೊಡ್ಡ ಪಾಲು ಹೀಗೆ ಎಕ್ಸ್86 ಕೈಗೂ ಬಂತು. ಒಂದಷ್ಟು ಟ್ರಾನ್ಸಿಸ್ಟರ್ ಬರೀ ಅನುವಾದಕ್ಕೇ ಖರ್ಚಾಗುತ್ತಿತ್ತು, ಆದರೆ ಟ್ರಾನ್ಸಿಸ್ಟರ್ ವರ್ಷವರ್ಷಕ್ಕೂ ಅಗ್ಗ ಆಗುತ್ತಿತ್ತು. ಪೂರ್ಣಾಂಕ ಲೆಕ್ಕದಲ್ಲಿ ಪೆಂಟಿಯಂ ಪ್ರೊ ನೇರವಾಗಿ ರಿಸ್ಕ್ ಚಿಪ್‌ಗಳ ಸಾಲಿಗೆ ಬಂದು ನಿಂತಿತು. ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಇನ್ನೂ ಹಿಂದೆ ಇತ್ತು.

ಅದೇ ತಿಂಗಳು ಬಂದ ಎರಡನೆಯ ವಸ್ತು ಸಾಲಿಡ್‌ವರ್ಕ್ಸ್‌ನ ಮೊದಲ ಆವೃತ್ತಿ. ಅದು ವಿಂಡೋಸ್‌ಗೆ ಅಂತಲೇ ಬರೆದ 3ಡಿ ಕ್ಯಾಡ್. ಯುನಿಕ್ಸ್ ವರ್ಕ್‌ಸ್ಟೇಷನ್ ಇಲ್ಲದೆ, ಒಂದು ಒಳ್ಳೆಯ ಪಿಸಿ ಮೇಲೆ ಸಾಲಿಡ್ ಮಾಡೆಲ್ ಮಾಡಬಹುದು ಅಂತಾಯಿತು. ಸಣ್ಣ ಡಿಸೈನ್ ಅಂಗಡಿಗಳಿಗೆ ಬಾಗಿಲು ತೆರೆದದ್ದು ಇದು. ನಿಮ್ಮ ಹಾಗೆ ಮಾಚೇನಹಳ್ಳಿಯಲ್ಲಿ ಕೂತು 3ಡಿ ಪ್ಯಾಟರ್ನ್ ಮಾಡಿಕೊಡುವುದು ಈ ಬದಲಾವಣೆಯಿಂದಲೇ ಸಾಧ್ಯವಾಗಿದ್ದು.

ಇದರ ಹಿಂದೆ ಇರುವುದು ದುಡ್ಡಿನ ಲೆಕ್ಕ. ಹೊಸ ಪ್ರೊಸೆಸರ್ ಡಿಸೈನ್ ಮಾಡುವ ಖರ್ಚು, ಅದನ್ನು ತಯಾರಿಸುವ ಫ್ಯಾಬ್‌ನ ಖರ್ಚು, ಎರಡೂ ಚಿಪ್ ಎಷ್ಟು ಮಾರಾಟವಾಗುತ್ತದೆ ಅಂತ ನೋಡಿ ಕಡಿಮೆಯಾಗುವುದಿಲ್ಲ. ಇಂಟೆಲ್ ಅದನ್ನು ಕೋಟಿಗಟ್ಟಲೆ ಪಿಸಿಗಳ ಮೇಲೆ ಹಂಚುತ್ತಿತ್ತು. ವರ್ಕ್‌ಸ್ಟೇಷನ್ ಕಂಪನಿಗಳು ಅದರ ಒಂದು ಸಣ್ಣ ಪಾಲಿನಷ್ಟು ಮೆಷಿನ್ ಮೇಲೆ ಹಂಚಬೇಕಿತ್ತು. ಒಂದು ತಲೆಮಾರಿನ ಚಿಪ್‌ನಲ್ಲಿ ಆಲ್ಫಾ ಮುಂದಿರಬಹುದು. ಎರಡು ವರ್ಷಕ್ಕೊಮ್ಮೆ ಅದೇ ಮುನ್ನಡೆ ಕಾಯ್ದುಕೊಳ್ಳಲು ಜೇಬು ಬೇಕಲ್ವಾ? ಅದು ಇದ್ದದ್ದು ಇಂಟೆಲ್ ಹತ್ತಿರ.

ಇಷ್ಟಾದರೂ ರಿಸ್ಕ್ ಚಿಪ್‌ಗಳು ಅಷ್ಟು ಬೇಗ ಹೋಗಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅವು ಓಡಿ ಸೋತದ್ದಕ್ಕಿಂತ ಆಟ ಬಿಟ್ಟುಕೊಟ್ಟು ಸೋತದ್ದು ಜಾಸ್ತಿ. 1994ರಲ್ಲಿ ಎಚ್‌ಪಿ ಮತ್ತು ಇಂಟೆಲ್ ಸೇರಿ ಪೂರ್ತಿ ಹೊಸ 64 ಬಿಟ್ ಆರ್ಕಿಟೆಕ್ಚರ್ ಮಾಡುತ್ತೇವೆ ಎಂದು ಘೋಷಿಸಿದವು. ಅದೇ ಮುಂದೆ ಐಟೇನಿಯಂ ಆಯಿತು. ಚಿಪ್ ಕೈಗೆ ಬರುವ ಮೊದಲೇ ಎದುರಾಳಿಗಳು ಅದರ ಹೆಸರಿಗೆ ಹೆದರಿದರು. ಸಿಲಿಕಾನ್ ಗ್ರಾಫಿಕ್ಸ್ 1998ರಲ್ಲಿ ಮಿಪ್ಸ್ ವಿಭಾಗವನ್ನು ಬೇರೆ ಮಾಡಿ ಐಟೇನಿಯಂ ಕಡೆ ಹೊರಟಿತು. ಅದೇ ವರ್ಷ ಡಿಜಿಟಲ್ ಕಂಪನಿಯನ್ನು ಕಾಂಪ್ಯಾಕ್ ಕೊಂಡಿತು, 2001ರಲ್ಲಿ ಆಲ್ಫಾ ನಿಲ್ಲಿಸುವ ತೀರ್ಮಾನ ಹೊರಬಿತ್ತು. ಎಚ್‌ಪಿಯ ಪಿಎ-ರಿಸ್ಕ್‌ಗೂ ಅದೇ ದಾರಿ. ಮೊದಲ ಐಟೇನಿಯಂ ಮಾರುಕಟ್ಟೆಗೆ ಬಂದದ್ದು 2001ರಲ್ಲಿ, ಹೇಳಿದ್ದಕ್ಕಿಂತ ಬಹಳ ತಡವಾಗಿ. ಅದು ಹಳೆಯ ಎಕ್ಸ್86 ಪ್ರೋಗ್ರಾಂಗಳನ್ನು ತೀರಾ ನಿಧಾನವಾಗಿ ಓಡಿಸುತ್ತಿತ್ತು. ಯಾವ ಆದೇಶ ಯಾವುದರ ಜೊತೆ ಓಡಬೇಕು ಅಂತ ಕಂಪೈಲರ್ ಮೊದಲೇ ಲೆಕ್ಕ ಹಾಕಿಡಬೇಕು ಅನ್ನುವುದು ಅದರ ಮೂಲ ನಂಬಿಕೆ. ಮೆಮೊರಿಯಿಂದ ಡೇಟಾ ಯಾವಾಗ ಬರುತ್ತದೆ ಅಂತ ಕಂಪೈಲರ್‌ಗೆ ಮೊದಲೇ ಗೊತ್ತಿರುವುದಿಲ್ಲ. ಅಲ್ಲೇ ಆ ನಂಬಿಕೆ ಸಿಕ್ಕಿಹಾಕಿಕೊಂಡಿತು.

ಎಎಂಡಿ ಬೇರೆ ದಾರಿ ಹಿಡಿಯಿತು. ಅದೇ ಎಕ್ಸ್86ನ್ನು 64 ಬಿಟ್‌ಗೆ ಹಿಗ್ಗಿಸಿ, ರಿಜಿಸ್ಟರ್ 8 ಇದ್ದದ್ದನ್ನು 16 ಮಾಡಿ, ಹಳೆಯ 32 ಬಿಟ್ ಪ್ರೋಗ್ರಾಂ ಪೂರ್ತಿ ವೇಗದಲ್ಲಿ ಓಡುವ ಹಾಗೆ ಇಟ್ಟಿತು. 2003ರ ಏಪ್ರಿಲ್‌ನಲ್ಲಿ ಆ ಚಿಪ್ ಆಪ್ಟೆರಾನ್ ಎಂಬ ಹೆಸರಲ್ಲಿ ಬಂತು. ಮರುವರ್ಷವೇ ಇಂಟೆಲ್ ತನ್ನ ಝಿಯಾನ್‌ನಲ್ಲಿ ಅದೇ ವಿಸ್ತರಣೆಯನ್ನು ಅಳವಡಿಸಿತು. ಸನ್ ಕೂಡ 2004ರಲ್ಲಿ ಆಪ್ಟೆರಾನ್ ವರ್ಕ್‌ಸ್ಟೇಷನ್ ಮಾರಲು ಶುರು ಮಾಡಿತು. ನಿಮ್ಮ ಮೆಷಿನ್‌ನ ಸ್ಪಾರ್ಕ್ ವರ್ಕ್‌ಸ್ಟೇಷನ್ ಸಾಲು 2006ರ ಅಲ್ಟ್ರಾ 45ಕ್ಕೆ ನಿಂತಿತು. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಐಟೇನಿಯಂ 2021ರಲ್ಲಿ ಪೂರ್ತಿ ನಿಂತಿತು.

64 ಬಿಟ್ ಯಾಕೆ ಅಷ್ಟು ಮುಖ್ಯವಾಯಿತು ಅಂತ ನಿಮ್ಮ ಕೆಲಸದ ಲೆಕ್ಕದಲ್ಲೇ ಹೇಳುತ್ತೇನೆ. 300 ಮಿಲಿಮೀಟರ್ ಘನದೊಳಗೆ ಹಿಡಿಸುವ ಒಂದು ಪಂಪ್ ಹೌಸಿಂಗ್ ಇದೆ ಅಂದುಕೊಳ್ಳಿ. 1 ಮಿಲಿಮೀಟರ್ ಮೆಶ್ ಹಾಕಿದರೆ, ಅಂದರೆ ಅಷ್ಟು ಸಣ್ಣ ಸೆಲ್‌ಗಳಾಗಿ ಭಾಗ ಮಾಡಿದರೆ, 300 × 300 × 300, ಅಂದರೆ 2.7 ಕೋಟಿ ಸೆಲ್. ಪ್ರತಿ ಸೆಲ್‌ಗೆ ಉಷ್ಣಾಂಶ, ಒತ್ತಡ, ಮೂರು ದಿಕ್ಕಿನ ವೇಗ, ಎಷ್ಟು ಗಟ್ಟಿಯಾಗಿದೆ ಅನ್ನುವ ಪ್ರಮಾಣ, ಹಿಂದಿನ ಹೆಜ್ಜೆಯ ಬೆಲೆಗಳು ಎಲ್ಲ ಸೇರಿ 20 ಸಂಖ್ಯೆ ಅಂತ ಇಟ್ಟುಕೊಂಡರೆ, ಒಂದಕ್ಕೆ 8 ಬೈಟ್‌ನಂತೆ 160 ಬೈಟ್. ಒಟ್ಟು 432 ಕೋಟಿ ಬೈಟ್. 32 ಬಿಟ್ ವಿಳಾಸದಲ್ಲಿ ಮುಟ್ಟಬಹುದಾದದ್ದು 429 ಕೋಟಿ ಬೈಟ್ ಮಾತ್ರ. ಅಂದರೆ ಒಂದು ಸಾಧಾರಣ ಎರಕದ ಮೆಶ್ ಕೂಡ ಒಳಗೆ ಕೂರುತ್ತಿರಲಿಲ್ಲ. ಅದಕ್ಕೇ ರಿಸ್ಕ್ ಮೆಷಿನ್‌ಗಳಿಗೆ ಅಷ್ಟು ದಿನ ಬೆಲೆ ಇತ್ತು. 2003ರಲ್ಲಿ ಆ ಕಾರಣವೂ ಹೋಯಿತು.

ಒಂದು ಮಾತು ಸೇರಿಸಲೇಬೇಕು. ಆಲ್ಫಾ ನಿಂತರೂ ಅದನ್ನು ಕಟ್ಟಿದವರು ಸುಮ್ನೆ ಕೂರಲಿಲ್ಲ. ಆ ತಂಡದ ಡರ್ಕ್ ಮೇಯರ್ ಎಎಂಡಿಗೆ ಹೋಗಿ ಆಥ್ಲಾನ್ ಎಂಬ ಎಕ್ಸ್86 ಚಿಪ್‌ನ ಕೆಲಸ ಮುನ್ನಡೆಸಿದರು. ಆಥ್ಲಾನ್‌ನ ಬಸ್ (ಚಿಪ್‌ಗೂ ಉಳಿದ ಭಾಗಗಳಿಗೂ ನಡುವಿನ ಡೇಟಾ ದಾರಿ) ಕೂಡ ಆಲ್ಫಾದಿಂದಲೇ ಬಂದದ್ದು. ಮೊದಲ ಆಲ್ಫಾದ ಡಿಸೈನರ್ ಡ್ಯಾನ್ ಡಾಬರ್‌ಪೂಲ್ ಪಿಎ ಸೆಮಿ ಎಂಬ ಕಂಪನಿ ಕಟ್ಟಿದರು, 2008ರಲ್ಲಿ ಅದನ್ನು ಆಪಲ್ ಕೊಂಡಿತು. ಆಪಲ್‌ನ ಸ್ವಂತ ಆರ್ಮ್ ಚಿಪ್ ತಂಡಕ್ಕೆ ಅದು ತಳಪಾಯ. ಇವತ್ತು ನಿಮ್ಮ ಡೀಲರ್‌ಗಳು ತೋರಿಸುವ ಎಕ್ಸ್86, ಆರ್ಮ್ ಎರಡೂ ದಾರಿಯಲ್ಲಿ ಆಲ್ಫಾದವರ ಕೈ ಇದೆ.

ಈಗ ಆರ್ಮ್ ವಿಚಾರಕ್ಕೆ ಬರೋಣ. "ಎಕ್ಸ್86 ಕಾಲ ಮುಗಿಯಿತು" ಎಂದ ಡೀಲರ್ ಮಾತನ್ನು ಹಗುರವಾಗಿ ತೆಗೆದುಹಾಕುವ ಹಾಗಿಲ್ಲ. ಪಿಸಿ ಸಂಖ್ಯೆಯ ಬಲದಿಂದ ಇಂಟೆಲ್ ವರ್ಕ್‌ಸ್ಟೇಷನ್‌ಗಳನ್ನು ಹಿಂದಿಕ್ಕಿತು ಎಂದೆನಲ್ಲ, ಈಗ ಅದೇ ಸಂಖ್ಯೆ ಫೋನ್ ಕಡೆ ಇದೆ. ವರ್ಷಕ್ಕೆ 100 ಕೋಟಿಗೂ ಜಾಸ್ತಿ ಸ್ಮಾರ್ಟ್‌ಫೋನ್ ಮಾರಾಟವಾಗುತ್ತವೆ, ಹೆಚ್ಚುಕಡಿಮೆ ಎಲ್ಲದರಲ್ಲೂ ಆರ್ಮ್. ಆ ದುಡ್ಡಿನಿಂದ ತೈವಾನ್‌ನ ಟಿಎಸ್‌ಎಂಸಿಯ ಫ್ಯಾಬ್‌ಗಳು ಮುಂದೆ ಬಂದವು. ಇಂಟೆಲ್ ತನ್ನ 10 ನ್ಯಾನೊಮೀಟರ್ ತಯಾರಿಕೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಾಗ ಟಿಎಸ್‌ಎಂಸಿ ದಾಟಿಹೋಯಿತು. 2020ರ ನವೆಂಬರ್‌ನಲ್ಲಿ ಆಪಲ್ ತನ್ನ ಆರ್ಮ್ ಚಿಪ್ ಎಂ1 ತಂದಿತು. 2024ರಲ್ಲಿ ಕ್ವಾಲ್‌ಕಾಮ್‌ನ ಸ್ನಾಪ್‌ಡ್ರಾಗನ್ ಎಕ್ಸ್ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಬಂತು. 2025ರಲ್ಲಿ ಎನ್‌ವಿಡಿಯಾ 20 ಆರ್ಮ್ ಕೋರ್, 128 ಜಿಬಿ ಮೆಮೊರಿ ಇರುವ ಡಿಜಿಎಕ್ಸ್ ಸ್ಪಾರ್ಕ್ ಎಂಬ ಪುಟ್ಟ ಡಬ್ಬಿ ತಂದಿತು, ಅದು ಎಐ ಕೆಲಸಕ್ಕೆ. ಕಡಿಮೆ ಕರೆಂಟ್, ಕಡಿಮೆ ಬಿಸಿ, ಒಳ್ಳೆಯ ವೇಗ ಅನ್ನುವುದೆಲ್ಲ ನಿಜ. ಆದರೆ ಈ ಸಲ ಎಕ್ಸ್86 ಒಂಟಿಯಾಗಿಲ್ಲ. ಎಎಂಡಿ ಕೂಡ ಅದೇ ಟಿಎಸ್‌ಎಂಸಿಯಲ್ಲೇ ಚಿಪ್ ಮಾಡಿಸುತ್ತದೆ. ಹಾಗಾಗಿ ಪೆಂಟಿಯಂ ಪ್ರೊ ಕಾಲದ ಹಾಗೆ ಒಂದೇ ಕಡೆ ವಾಲುವುದಿಲ್ಲ ಅಂತ ನನಗನ್ನಿಸುತ್ತದೆ.

ನಿಮಗೆ ಅಡ್ಡ ಬರುವುದು ಚಿಕ್ಕದೊಂದು ವಸ್ತು. ನಿಮ್ಮ ಮೆಷಿನ್‌ನ ಹಿಂದೆ ಯುಎಸ್‌ಬಿ ಕಿಂಡಿಯಲ್ಲಿ ಲೈಸೆನ್ಸ್ ಡಾಂಗಲ್ ಸಿಕ್ಕಿಸಿದ್ದೀರಾ, ನೋಡಿ. ಆರ್ಮ್ ವಿಂಡೋಸ್‌ನಲ್ಲಿ ಎಕ್ಸ್86 ಪ್ರೋಗ್ರಾಂಗಳನ್ನು ಅನುವಾದ ಮಾಡಿ ಓಡಿಸುವ ವ್ಯವಸ್ಥೆ ಇದೆ, ಸಾಕಷ್ಟು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆ ಅನುವಾದ ಸಾಮಾನ್ಯ ಪ್ರೋಗ್ರಾಂಗೆ ಮಾತ್ರ, ಯಂತ್ರಭಾಗವನ್ನು ನಡೆಸುವ ಡ್ರೈವರ್‌ಗೆ ಇಲ್ಲ. ಡಾಂಗಲ್‌ನ ಡ್ರೈವರ್ ಆರ್ಮ್‌ಗೆ ಅಂತಲೇ ಬರೆದಿದ್ದರೆ ಸರಿ, ಇಲ್ಲದಿದ್ದರೆ ಸಾಫ್ಟ್‌ವೇರ್ "ಲೈಸೆನ್ಸ್ ಇಲ್ಲ" ಎಂದು ನಿಲ್ಲುತ್ತದೆ. ಸಿಎನ್‌ಸಿಗೆ ಪ್ರೋಗ್ರಾಂ ಕಳಿಸುವ ಹಳೆಯ ಕಾರ್ಡ್, ಸಿಎಂಎಂ (ಅಳತೆ ಯಂತ್ರ) ಅಥವಾ ಸ್ಕ್ಯಾನರ್ ಜೊತೆ ಬಂದ ಡ್ರೈವರ್, ಎಲ್ಲದಕ್ಕೂ ಇದೇ ಮಾತು. ಜೊತೆಗೆ, ಓಡುವುದು ಬೇರೆ, ಕಂಪನಿ ಬೆಂಬಲ ಕೊಡುವುದು ಬೇರೆ. ಬೆಂಬಲ ಪಟ್ಟಿಯಲ್ಲಿ ಇಲ್ಲದ ಮೆಷಿನ್ ಮೇಲೆ ಸಾಲ್ವರ್ (ಸಿಮ್ಯುಲೇಶನ್ ಲೆಕ್ಕ ಮಾಡುವ ಪ್ರೋಗ್ರಾಂ) ತಪ್ಪು ಉತ್ತರ ಕೊಟ್ಟರೆ ನೀವು ಫೋನ್ ಮಾಡಿ ಕೇಳುವ ಹಾಗಿಲ್ಲ. ಶ್ರಿಂಕೇಜ್ (ಲೋಹ ಕುಗ್ಗಿ ಆಗುವ ಪೊಳ್ಳು) ಎಲ್ಲಿ ಬರುತ್ತದೆ ಅಂತ ಅದು ತೋರಿಸಿದ ಜಾಗ ನಂಬಿ ನೀವು ರೈಸರ್ (ಅಲ್ಲಿಗೆ ಲೋಹ ಪೂರೈಸುವ ಭಾಗ) ಇಡುತ್ತೀರಿ. ನೂರಾರು ಎರಕ ಸ್ಕ್ರ್ಯಾಪ್ ಆದರೆ ನಷ್ಟ ನಿಮ್ಮ ಗಿರಾಕಿಗೆ, ಹೆಸರು ಹೋಗುವುದು ನಿಮಗೆ.

ಹಾಗಾದರೆ ಝಿಯಾನೋ ಥ್ರೆಡ್‌ರಿಪ್ಪರೋ? ಇಲ್ಲಿ ಡೀಲರ್‌ಗಳು ಕೋರ್ ಎಣಿಸಿ ತೋರಿಸುತ್ತಾರೆ. ನೀವು ಎರಡು ಬೇರೆ ಕೆಲಸ ಮಾಡುತ್ತಿದ್ದೀರಿ ಅನ್ನುವುದು ಮುಖ್ಯ. ಕ್ಯಾಡ್‌ನಲ್ಲಿ ಒಂದು ಫೀಚರ್ ಬದಲಿಸಿದರೆ ಅದರ ನಂತರದ ಫೀಚರ್‌ಗಳು ಒಂದರ ಮೇಲೊಂದು ಮತ್ತೆ ಲೆಕ್ಕವಾಗಬೇಕು. ಅದರಲ್ಲಿ ಹೆಚ್ಚಿನದು ಒಂದೇ ಕೋರ್ ಮೇಲೆ ನಡೆಯುತ್ತದೆ. ಅಲ್ಲಿ 64 ಕೋರ್ ಇದ್ದರೂ ದಂಡ, ಒಂದು ಕೋರ್‌ನ ವೇಗ ಮಾತ್ರ ಉಪಯೋಗ.

ಸಿಮ್ಯುಲೇಶನ್ ಉಲ್ಟಾ. ಅದಕ್ಕೆ ಕೋರ್ ಬೇಕು, ಆದರೆ ಅದಕ್ಕಿಂತ ಜಾಸ್ತಿ ಮೆಮೊರಿ ವೇಗ ಬೇಕು. ಮೇಲೆ ಹೇಳಿದ 432 ಕೋಟಿ ಬೈಟ್ ಮೆಶ್ ಯಾವ ಕ್ಯಾಶ್‌ನಲ್ಲೂ (ಚಿಪ್ ಒಳಗಿನ ಸಣ್ಣ ಮೆಮೊರಿ) ಹಿಡಿಸುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ರ‍್ಯಾಮ್‌ನಿಂದ ಎಳೆದುಕೊಂಡು ಬರಬೇಕು. ಎಎಂಡಿಯ ರೈಜೆನ್ 9 ತರಹದ ಡೆಸ್ಕ್‌ಟಾಪ್ ಚಿಪ್‌ಗೆ ಎರಡು ಚಾನೆಲ್. ಡಿಡಿಆರ್5-5600 ಹಾಕಿದರೆ 5600 × 8 × 2, ಸೆಕೆಂಡಿಗೆ 89.6 ಜಿಬಿ. ಮಾಮೂಲಿ ಥ್ರೆಡ್‌ರಿಪ್ಪರ್‌ಗೆ ನಾಲ್ಕು ಚಾನೆಲ್, ಡಿಡಿಆರ್5-5200ರಲ್ಲಿ 166.4 ಜಿಬಿ. ಥ್ರೆಡ್‌ರಿಪ್ಪರ್ ಪ್ರೊಗೆ ಎಂಟು. ಝಿಯಾನ್ ಡಬ್ಲ್ಯೂನಲ್ಲೂ ನಾಲ್ಕು ಅಥವಾ ಎಂಟು ಚಾನೆಲ್‌ನ ಸಾಲುಗಳಿವೆ.

ಒಂದು ಅಂದಾಜು ಹಾಕೋಣ. ಸಾಲ್ವರ್ 20,000 ಹೆಜ್ಜೆ ಇಡುತ್ತದೆ, ಪ್ರತಿ ಹೆಜ್ಜೆಗೆ ಮೆಶ್ ಮೇಲೆ 20 ಸಲ ಓಡುತ್ತದೆ ಅಂದುಕೊಳ್ಳಿ. ಬರೀ ಡೇಟಾ ಎಳೆಯುವುದಕ್ಕೇ ಎರಡು ಚಾನೆಲ್‌ನಲ್ಲಿ ಸುಮಾರು 5 ಗಂಟೆ 20 ನಿಮಿಷ. ನಾಲ್ಕು ಚಾನೆಲ್‌ನಲ್ಲಿ 3 ಗಂಟೆಗೆ ಸ್ವಲ್ಪ ಕಡಿಮೆ. ಇದು ಕಾಗದದ ಮೇಲಿನ ಗರಿಷ್ಠ ವೇಗದ ಲೆಕ್ಕ, ನಿಜದಲ್ಲಿ ಎರಡೂ ಇದಕ್ಕಿಂತ ನಿಧಾನ. ಆದರೆ ಅವೆರಡರ ನಡುವಿನ ಅಂತರ ಹೆಚ್ಚುಕಡಿಮೆ ಹೀಗೇ ಉಳಿಯುತ್ತದೆ. ಎರಡು ಚಾನೆಲ್ ಮೆಷಿನ್‌ಗೆ ಎಷ್ಟೇ ಕೋರ್ ಸೇರಿಸಿದರೂ ಆ 5 ಗಂಟೆ ಇಳಿಯುವುದಿಲ್ಲ.

ಇದರಲ್ಲಿ ರ‍್ಯಾಮ್ ಕಡ್ಡಿ ಹಾಕುವ ರೀತಿಯೇ ಎಷ್ಟೋ ಸಲ ಕೈಕೊಡುತ್ತದೆ. ನಾಲ್ಕು ಚಾನೆಲ್‌ನ ಥ್ರೆಡ್‌ರಿಪ್ಪರ್‌ಗೆ 128 ಜಿಬಿ ಬೇಕಾದರೆ 32ರ ನಾಲ್ಕು ಕಡ್ಡಿ ಹಾಕಬೇಕು. "ಮುಂದೆ ಸೇರಿಸಬಹುದು, ಸ್ಲಾಟ್ ಖಾಲಿ ಇರಲಿ" ಎಂದು 64ರ ಎರಡು ಕಡ್ಡಿ ಹಾಕಿದರೆ ಅರ್ಧ ಚಾನೆಲ್ ಖಾಲಿ ಬಿದ್ದಿರುತ್ತದೆ. ನೀವು ದುಡ್ಡು ಕೊಟ್ಟಿದ್ದು ನಾಲ್ಕಕ್ಕೆ, ಸಿಗುವುದು ಎರಡು. ಹೊಸ ರೈಜೆನ್‌ನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ನಾಲ್ಕು ಕಡ್ಡಿ ತುಂಬಿದರೆ ಮೆಮೊರಿಯ ಅಧಿಕೃತ ವೇಗ ಡಿಡಿಆರ್5-3600ಕ್ಕೆ ಇಳಿಯುತ್ತದೆ, ಅದಕ್ಕೆ ದೊಡ್ಡ ಎರಡೇ ಕಡ್ಡಿ ಹಾಕಿಸಿ. ಇನ್ನೊಂದು ವಿಷಯ, ಥ್ರೆಡ್‌ರಿಪ್ಪರ್ 7000 ಸಾಲಿಗೆ ರಿಜಿಸ್ಟರ್ಡ್ ಕಡ್ಡಿಯೇ ಬೇಕು, ಮಾಮೂಲಿ ಪಿಸಿ ಕಡ್ಡಿ ನಡೆಯುವುದಿಲ್ಲ. ಇಸಿಸಿ ಮೆಮೊರಿ ಬೇಕೇ ಬೇಕು ಅಂತ ಕೇಳಿ. ರಾತ್ರಿಯಿಡೀ ಓಡುವ ಲೆಕ್ಕದಲ್ಲಿ ಒಂದು ಬಿಟ್ ಉಲ್ಟಾ ಆದರೆ ಅದನ್ನು ಸರಿಮಾಡುವುದು ಇಸಿಸಿಯೇ.

ಇನ್ನು ಲೈಸೆನ್ಸ್. ಎಷ್ಟೋ ಸಿಮ್ಯುಲೇಶನ್ ಸಾಫ್ಟ್‌ವೇರ್‌ಗಳು ಕೋರ್ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತವೆ. ನಿಮ್ಮದು 8 ಕೋರ್ ಲೈಸೆನ್ಸ್ ಆಗಿದ್ದರೆ 64 ಕೋರ್ ಚಿಪ್ ತಂದು ಪ್ರಯೋಜನ ಇಲ್ಲ. ಮೊದಲು ಆ ಕಾಗದ ತೆಗೆದು ನೋಡಿ. 8 ಅಥವಾ 16 ಕೋರ್ ಲೈಸೆನ್ಸ್, ಮೇಲೆ ಹೇಳಿದಷ್ಟೇ ದೊಡ್ಡ ಮೆಶ್, ಕ್ಯಾಡ್ ಕೂಡ ಅದೇ ಮೆಷಿನ್ ಮೇಲೆ ಅಂದರೆ 16 ಕೋರ್ ರೈಜೆನ್ 9 ಸಾಕು, ಉಳಿದ ದುಡ್ಡಲ್ಲಿ ಯುಪಿಎಸ್ ತಗೊಳ್ಳಿ. ಮೆಶ್ ದೊಡ್ಡದು, ದಿನವೂ ಎರಡು ಮೂರು ಕೇಸ್ ಓಡಿಸಬೇಕು ಅನ್ನುವುದಾದರೆ 24 ಕೋರ್ ಥ್ರೆಡ್‌ರಿಪ್ಪರ್, ಅಥವಾ ನಾಲ್ಕು ಚಾನೆಲ್ ಝಿಯಾನ್ ಡಬ್ಲ್ಯೂ. ಈ ಎರಡರಲ್ಲಿ ಯಾವುದು ಅಗ್ಗಕ್ಕೆ ಸಿಗುತ್ತದೋ, ಯಾರ ಸರ್ವಿಸ್ ಶಿವಮೊಗ್ಗದಲ್ಲೇ ಸಿಗುತ್ತದೋ ಅದನ್ನು ತಗೊಳ್ಳಿ. ಬೋರ್ಡ್ ಕೆಟ್ಟಾಗ ಪ್ರತಿ ಸಲ ಬೆಂಗಳೂರಿಗೆ ಕಳಿಸುವ ಮೆಷಿನ್ ನಮ್ಮ ಕಡೆ ಕೆಲಸಕ್ಕೆ ಬಾರದು.

ಯುಪಿಎಸ್ ಮಾತನ್ನು ಸುಮ್ನೆ ಹೇಳಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ-ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ನಿಮಗೂ ಗೊತ್ತು. 24 ಕೋರ್ ಥ್ರೆಡ್‌ರಿಪ್ಪರ್ ಚಿಪ್ ಒಂದರ ಟಿಡಿಪಿಯೇ (ತಯಾರಕರು ಹೇಳುವ ಶಾಖದ ಮಟ್ಟ) 350 ವಾಟ್. ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಸೇರಿದರೆ ಸಣ್ಣ 600 ವಿಎ ಯುಪಿಎಸ್ ತಡೆಯುವುದಿಲ್ಲ. ಶುದ್ಧ ಸೈನ್ ವೇವ್ ಕೊಡುವ ಆನ್‌ಲೈನ್ ಯುಪಿಎಸ್ ತಗೊಳ್ಳಿ, ಸಾಲ್ವರ್‌ನಲ್ಲಿ ಅರ್ಧ ಗಂಟೆಗೊಮ್ಮೆ ಸ್ಥಿತಿ ಉಳಿಸುವ ಆಯ್ಕೆ ಇದ್ದರೆ ಹಾಕಿಡಿ. ಫೌಂಡ್ರಿ ಪಕ್ಕದ ಆಫೀಸ್ ಆದರೆ ಮರಳಿನ ಧೂಳು ಕೂಲರ್‌ಗೆ ಸೇರುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಊದಿಸಿ.

ನಿಮ್ಮ ಮಗಳು ಹೇಳಿದ ರಿಸ್ಕ್-ಫೈವ್ ಬಗ್ಗೆ ನನಗೆ ತುಂಬಾ ಆಸೆ ಇದೆ. 2010ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಇದರ ಇನ್‌ಸ್ಟ್ರಕ್ಷನ್ ಸೆಟ್ ಯಾರ ಸೊತ್ತೂ ಅಲ್ಲ, ಬಳಸಲು ಶುಲ್ಕ ಇಲ್ಲ. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಇದರ ಮೇಲೇ ಕಟ್ಟಿದವು. 2022ರಲ್ಲಿ ಕೇಂದ್ರ ಸರ್ಕಾರ ರಿಸ್ಕ್-ಫೈವ್‌ಗಾಗಿ ಡಿಐಆರ್-ವಿ ಕಾರ್ಯಕ್ರಮ ಘೋಷಿಸಿತು. ಲಿನಕ್ಸ್ ಓಡಿಸುವ ಬೋರ್ಡ್‌ಗಳೂ ಸಿಗುತ್ತವೆ. ಆದರೆ ನಿಮ್ಮ ಎರಕದ ಸಾಲ್ವರ್ ಅದರ ಮೇಲೆ ಓಡುವ ದಿನ ಇನ್ನೂ ದೂರ ಇದೆ. ಅವಳಿಗೆ ಒಂದು ಬೋರ್ಡ್ ಕೊಡಿಸಿ. ಎಕ್ಸ್86 ಅಥವಾ ಆರ್ಮ್ ಚಿಪ್ ಸ್ವಂತವಾಗಿ ಮಾಡುತ್ತೇನೆ ಅಂದರೆ ಮೊದಲು ಬೇರೆಯವರ ಅನುಮತಿ ಬೇಕು. ಇದರಲ್ಲಿ ಆ ತೊಂದರೆ ಇಲ್ಲ, ಕಾಲೇಜಿನ ಲ್ಯಾಬ್‌ನಲ್ಲಿ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ತುಂಬಬಹುದಾದ ಚಿಪ್) ಮೇಲೆ ಸ್ವಂತ ಕೋರ್ ಬರೆದು ಓಡಿಸಬಹುದು.

ಹಳೆಯ ಸನ್ ಮೆಷಿನ್ ವಿಚಾರದಲ್ಲಿ ಸ್ವಲ್ಪ ಹುಷಾರು. ಅದರ ಹೋಸ್ಟ್ ಐಡಿ (ಮೆಷಿನ್‌ನ ಗುರುತಿನ ಸಂಖ್ಯೆ) ಒಂದು ಟೈಮ್‌ಕೀಪರ್ ಚಿಪ್‌ನಲ್ಲಿರುತ್ತದೆ, ಆ ಚಿಪ್ ಒಳಗೇ ಬ್ಯಾಟರಿ ಇದೆ. ಇಷ್ಟು ವರ್ಷಕ್ಕೆ ಅದು ಸತ್ತಿರುವ ಸಾಧ್ಯತೆ ಜಾಸ್ತಿ. ಆನ್ ಮಾಡಿದಾಗ ಐಡಿಪ್ರಾಮ್ ಸರಿಯಿಲ್ಲ ಎಂಬ ಸಂದೇಶ ಬಂದರೆ ಇದೇ ಕಾರಣ. ಆಗಿನ ಕ್ಯಾಡ್ ಲೈಸೆನ್ಸ್‌ಗಳನ್ನು ಆ ಐಡಿಗೇ ಕಟ್ಟುತ್ತಿದ್ದರು. ಐಡಿ ಹೋದರೆ ಮೆಷಿನ್ ಚಾಲೂ ಆದರೂ ಸಾಫ್ಟ್‌ವೇರ್ ತೆರೆಯುವುದಿಲ್ಲ. ಚಿಪ್ ಮೇಲಿನ ಬಾರ್‌ಕೋಡ್ ಸ್ಟಿಕ್ಕರ್ ಕೀಳಬೇಡಿ, ಐಡಿಯನ್ನು ಮತ್ತೆ ಬರೆಯಲು ಅದು ಬೇಕಾಗುತ್ತದೆ. ಏನೇ ಮಾಡುವ ಮೊದಲು ಡಿಸ್ಕ್ ಬಿಚ್ಚಿ, ಸರಿಯಾದ ಅಡಾಪ್ಟರ್ ಹಾಕಿ, ಲಿನಕ್ಸ್ ಪಿಸಿಯಲ್ಲಿ ಅದರ ಪೂರ್ತಿ ಪ್ರತಿ ತೆಗೆದಿಡಿ. ಸೊಲಾರಿಸ್‌ನ ಯುಎಫ್‌ಎಸ್ ಫೈಲ್ ಸಿಸ್ಟಂ ಅನ್ನು ಲಿನಕ್ಸ್ ಓದಬಲ್ಲದು, ಓದಲು ಮಾತ್ರ ಎಂಬ ರೀತಿಯಲ್ಲೇ ಮೌಂಟ್ ಮಾಡಿ. ಯೂನಿಗ್ರಾಫಿಕ್ಸ್ ಫೈಲ್‌ಗಳಾದರೆ ಅದರ ಮುಂದುವರಿಕೆಯಾದ ಎನ್‌ಎಕ್ಸ್‌ನಲ್ಲಿ ತೆರೆಯಲು ನೋಡಿ. ತೆರೆದ ತಕ್ಷಣ ಸ್ಟೆಪ್ ಫಾರ್ಮ್ಯಾಟ್‌ನಲ್ಲೂ ಒಂದು ಪ್ರತಿ ಇಡಿ. ಮುಂದೆ ಯಾವ ಪ್ರೊಸೆಸರ್ ಬಂದರೂ, ಯಾವ ಕ್ಯಾಡ್‌ಗೆ ಹೋದರೂ ಸ್ಟೆಪ್ ಫೈಲ್ ತೆರೆಯುತ್ತದೆ.

ಕೊಟೇಶನ್ ಒಪ್ಪುವ ಮೊದಲು ನಿಮ್ಮದೇ ಒಂದು ಮುಗಿದ ಕೇಸ್ ಆರಿಸಿ. ಎರಕ ಆಗಿ, ಕತ್ತರಿಸಿ ನೋಡಿ, ದೋಷ ಎಲ್ಲಿತ್ತು ಅಂತ ನಿಮಗೆ ಗೊತ್ತಿರುವ ಕೇಸ್ ಆಗಿರಲಿ. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ನಿಮ್ಮ ಡಾಂಗಲ್ ಜೊತೆಗೆ ಡೀಲರ್ ಹತ್ತಿರ ಹೋಗಿ, ಅವರ ಡೆಮೊ ಮೆಷಿನ್ ಮೇಲೆ ಪೂರ್ತಿ ಓಡಿಸಿ. ಆರ್ಮ್ ಹೇಳಿದ ಡೀಲರ್ ಹತ್ತಿರವೂ ಹೋಗಿ. ಡಾಂಗಲ್ ಸಿಕ್ಕಿತಾ, ಎಷ್ಟು ಹೊತ್ತು ಹಿಡಿಯಿತು, ಶ್ರಿಂಕೇಜ್ ಅದೇ ಜಾಗದಲ್ಲಿ ತೋರಿಸಿತಾ ಎಂದು ಬರೆದುಕೊಳ್ಳಿ. ಕೊಟೇಶನ್‌ನಲ್ಲಿ ರ‍್ಯಾಮ್ ಎಷ್ಟು ಜಿಬಿ ಎಂಬುದರ ಜೊತೆಗೆ ಎಷ್ಟು ಕಡ್ಡಿ, ಯಾವ ವೇಗ, ಇಸಿಸಿ ಹೌದಾ ಅಲ್ಲವಾ ಎಂದು ಬರೆಸಿಕೊಳ್ಳಿ. ಓಡಿಸಲು ಬಿಡದ ಡೀಲರ್ ಹತ್ತಿರ ತಗೊಳ್ಳಬೇಡಿ.